ತೆರೆದ ಗೇಟಿಗೆ ಕೊಟ್ಟ ನಂಬರ್

ಯಾವ ಬಣ್ಣ ಕಂಡರೆ ಹೇಸಿಕೆ ಎಂದು ಯಾರಾದರೂ ಕೇಳಿದರೆ, ಗುಟ್ಕಾದ ಕೆಂಪು ಎನ್ನುತ್ತೇನೆ. ಅಣ್ಣಿಗೇರಿಯ ಆಚೆ, ಎರೆ ಹೊಲಗಳ ನಡುವಿನ ರೈಲ್ವೆ ಗೇಟಿನಲ್ಲಿ ಎಂಟು ವರ್ಷ ಗೇಟ್‌ಕೀಪರ್ ಆಗಿದ್ದೆ. ಬೆಳಿಗ್ಗೆ ಡ್ಯೂಟಿಗೆ ಬಂದ ಕೂಡಲೇ ಮೊದಲ ಕೆಲಸ ಗೇಟಿನ ಅಡ್ಡ ಕೋಲು ತಿಕ್ಕುವುದು. ಹೊಲಕ್ಕೆ ಹೋಗುವವರು ಕೋಲಿನ ಮೇಲೆ ಮೈ ಹಾಕಿ ನಿಂತು ಅಲ್ಲೇ ಪಿಚಕ್ಕೆಂದು ಉಗುಳುತ್ತಿದ್ದರು. ಉಗುಳಿದವರೇ ಮರುಕ್ಷಣ ನಗುತ್ತಾ "ಅಕ್ಕಾರ, ಆರಾಮ ಅದೀರಿ?" ಎಂದು ಕೇಳುತ್ತಿದ್ದರು. ಥೂ, ಏನು ಜನ್ಮವೋ! ಆರಾಮ ಇದ್ದೇನಂತೆ, ಅವರ ಎಂಜಲು ಒರೆಸುತ್ತ.

ದೊಡ್ಡ ಗೇಟುಗಳಲ್ಲಿ ಕೋಲು ಬಿದ್ದು ಬೀಗ ಕೂರುವ ತನಕ ಸಿಗ್ನಲ್ ಕೆಂಪು ಬಿಟ್ಟು ಕದಲುವುದಿಲ್ಲ. ನಮ್ಮದು ಸಣ್ಣ ಗೇಟು, ಸಿಗ್ನಲ್ಲಿಗೆ ಜೋಡಿಸಿರಲಿಲ್ಲ. ಇಲ್ಲಿ ಮಾತೇ ಬೀಗ. ಸ್ಟೇಷನ್ ಮಾಸ್ತರರು ಫೋನ್ ಮಾಡಿ ಗಾಡಿ ಬಿಡುತ್ತೇನೆ ಎನ್ನುತ್ತಿದ್ದರು. ನಾನು ಹ್ಯಾಂಡಲ್ ತಿರುವಿ ಎರಡೂ ಕಡೆ ಕೋಲು ಇಳಿಸಿ, ಬೀಗ ಹಾಕಿ, ಆಮೇಲೆ ನನ್ನ ಹಾಳೆಯಲ್ಲಿದ್ದ ಗುಟ್ಟಿನ ನಂಬರೊಂದನ್ನು ಓದಿ ಹೇಳಿ ಅದರ ಮೇಲೆ ಗೀಟು ಎಳೆಯಬೇಕು. ಅದನ್ನು ಬರೆದುಕೊಂಡ ಮೇಲೆಯೇ ಅವರು ಗಾಡಿಗೆ ಹಸಿರು ಕೊಡುವುದು. ನಂಬರ್ ಕೊಟ್ಟೆ ಎಂದರೆ ಗೇಟು ಹಾಕಿದ್ದೇನೆ ಎಂದು ಆಣೆ ಮಾಡಿದಂತೆ.

ಈ ಕ್ರಮವನ್ನೆಲ್ಲ ಊರ ಮಂದಿ ಗೇಟಿನ ಪಕ್ಕದ ನನ್ನ ಪುಟ್ಟ ಕೋಣೆ, ಗುಮಟಿಯ ಕಿಟಕಿಗೆ ಜೋತುಬಿದ್ದು ಕಲಿತಿದ್ದರು. ಶಾಲೆಯಲ್ಲಿ ಇಷ್ಟು ಗಮನ ಕೊಟ್ಟಿದ್ದರೆ ಎಲ್ಲೋ ಇರುತ್ತಿದ್ದರು. ಫೋನ್ ಗಣಗಣ ಎಂದರೆ ಸಾಕು, ಹೊರಗಿನಿಂದ ಶುರು: "ನಂಬರ್ ಮೊದಲ ಕೊಟ್ಟಬಿಡ್ರಿ ಅಕ್ಕಾರ, ಗೇಟ್ ಆಮ್ಯಾಲೆ ಹಾಕೂರಂತ." ನಾನು ಬೈದು ಅಟ್ಟುತ್ತಿದ್ದೆ.

ಆ ದಿನ ಅಟ್ಟಲಿಲ್ಲ. ಕಡಲೆ ರಾಶಿಯ ಸುಗ್ಗಿ, ಮಧ್ಯಾಹ್ನದ ಬಿಸಿಲು. ಊರಿನ ಹಿರಿಯ ರೈತರೊಬ್ಬರ ಟ್ರ್ಯಾಕ್ಟರ್ ಟ್ರೇಲಿ ತುಂಬ ಚೀಲ ಹೇರಿಕೊಂಡು ಬಂತು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಹಬ್ಬ ಬಂದರೆ ಅವರ ಮನೆಯಿಂದ ನನಗೆ ಹೋಳಿಗೆ ಬರುತ್ತಿತ್ತು. ಅಷ್ಟರಲ್ಲಿ ಫೋನ್ ಬಂತು, ಕೈ ಅಡ್ಡ ಮಾಡಿ ಟ್ರ್ಯಾಕ್ಟರ್ ನಿಲ್ಲಿಸಿದೆ. ಕಾಕಾ ಇಳಿದುಬಂದು ಕಿಟಕಿಯೊಳಗೆ ಮೊಬೈಲ್ ಹಿಡಿದರು.

"ನೋಡವಾ, ಪ್ಯಾಸೆಂಜರ್ ಇನ್ನೂ ಗದಗ ಬಿಟ್ಟಿಲ್ಲ. ಇದರಾಗ ತೋರಸ್ತೈತಿ. ನಂಬರ್ ಕೊಡು, ನಾವು ದಾಟತೀವಿ, ಆಮ್ಯಾಲೆ ಹಾಕು."

ಟ್ರ್ಯಾಕ್ಟರಿನ ಹಿಂದೆ ನಿಂತ ನಾಲ್ಕು ವಾಹನಗಳ ಹಾರ್ನ್ ಕಿವಿ ಹರಿಯುತ್ತಿತ್ತು. ಮಾಸ್ತರರು ಯಾವ ಗಾಡಿ ಎಂದು ಹೇಳಿದ್ದರು. ಆ ಗದ್ದಲದಲ್ಲಿ ನನಗೆ ಕೇಳಲಿಲ್ಲ, ತಿರುಗಿ ಕೇಳಲೂ ಇಲ್ಲ. ಗೇಟು ತೆರೆದೇ ಇತ್ತು. ನಂಬರ್ ಓದಿದೆ, ಗೀಟು ಎಳೆದೆ.

ಬರುತ್ತಿದ್ದದ್ದು ಗೂಡ್ಸ್. ಪ್ಯಾಸೆಂಜರ್ ಗಾಡಿ ಮಾತ್ರ ತೋರಿಸುವ ಕಾಕಾನ ಮೊಬೈಲಿನಲ್ಲಿ ಗೂಡ್ಸ್ ಎಲ್ಲಿ ಕಾಣಬೇಕು! ಟ್ರ್ಯಾಕ್ಟರ್ ಹಳಿ ಏರಿತು, ಟ್ರೇಲಿಯ ಗಾಲಿ ಹಳಿಯ ಪಕ್ಕದ ಸಂದಿಯಲ್ಲಿ ಸಿಕ್ಕಿತು, ಇಂಜಿನ್ ಬಂದ್ ಬಿತ್ತು. ಅಷ್ಟರಲ್ಲಿ ದೂರದಿಂದ ಗಾಡಿಯ ಕೂಗು ಕೇಳಿಸಿತು. ಕೆಂಪು ಬಾವುಟ ಮತ್ತು ಹಳಿಗೆ ಕಟ್ಟುವ ಪಟಾಕಿ ಹಿಡಿದು ಜಲ್ಲಿಯ ಮೇಲೆ ಬಿದ್ದು ಎದ್ದು ಓಡಿದೆ. ಗಾಲಿ ಮೇಲೆ ಹರಿದರೆ ಆ ಪಟಾಕಿ ಢಂ ಎನ್ನುತ್ತದೆ, ಲೋಕೋ ಪೈಲಟ್ ಬ್ರೇಕ್ ಹಾಕುತ್ತಾನೆ. ಢಂ ಎಂದಿತು. ಗೂಡ್ಸ್ ಕಿರುಗುಟ್ಟುತ್ತ ನನ್ನನ್ನು ದಾಟಿ, ಗೇಟು ಕಾಣದ ತಿರುವಿನಲ್ಲೇ ನಿಂತಿತು.

ಏದುಸಿರು ಬಿಡುತ್ತ ಗೇಟಿಗೆ ಮರಳಿದಾಗ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆದಿದ್ದರು. ಇಷ್ಟು ದಿನ ಕೋಲು ಇಳಿಸಿದರೆ ತಕರಾರು ಮಾಡುತ್ತಿದ್ದವರು ಈಗ ತಾವೇ ಹ್ಯಾಂಡಲ್ ತಿರುವಿ ಇಳಿಸಿದ್ದರು. ಕಾಕಾನ ಕೈಯಲ್ಲಿ ಹಾರೆ ಇತ್ತು.

"ನೀ ಅಂಜಬ್ಯಾಡ," ಎಂದರು. "ಗೇಟ್ ಹಾಕಿತ್ತು, ನಮ್ಮ ಡ್ರೈವರ್ ಮುರಕೊಂಡು ಬಂದ ಅಂತ ಹೇಳು. ನಾವೆಲ್ಲಾರೂ ಸಾಕ್ಷಿ ಹೇಳತೀವಿ. ನಿನ್ನ ನೌಕರಿ ಉಳೀತೈತಿ."

ಆ ಡ್ರೈವರ್ ಅಲ್ಲೇ ಇದ್ದ. ಅವರ ಮನೆಯ ಆಳು, ಮೂರು ಮಕ್ಕಳ ತಂದೆ. ಹೆಗಲ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಕಾಕಾ ಹಾರೆ ಎತ್ತಿ ಕೋಲಿಗೆ ಹೊಡೆದರು. ಹೋಳಿಗೆ ಕಳಿಸುತ್ತಿದ್ದ ಕೈ ಅದು. ಇನ್ನೊಬ್ಬ ಬಾಯಿಯ ಗುಟ್ಕಾ ಪಕ್ಕಕ್ಕೆ ಉಗುಳಿ, ಪೆಟ್ಟಿಗೆ ಅಲುಗದಂತೆ ಕೋಲನ್ನು ಹಿಡಿದುಕೊಂಡ. ನನಗೆ ಅಸಹ್ಯವಾಯಿತು. ಆದರೂ ಬೇಡ ಎನ್ನಲಿಲ್ಲ. ನಾಲ್ಕನೆಯ ಪೆಟ್ಟಿಗೆ ಕೋಲು ಮುರಿಯಿತು.

ಲೋಕೋ ಪೈಲಟ್ ಗಾಡಿಯ ಬ್ರೇಕ್ ಬಿಗಿಮಾಡಿ ನಡೆದುಬಂದವನೇ ಮುರಿದ ಕೋಲು ನೋಡಿದ, ಸೀದಾ ಟ್ರ್ಯಾಕ್ಟರ್ ಡ್ರೈವರನ ಕೊರಳಪಟ್ಟಿ ಹಿಡಿದ. ಡ್ರೈವರ್ ತನ್ನ ಧಣಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

"ಅವನ್ನ ಬಿಡ್ರಿ," ಎಂದೆ. "ಗೇಟ್ ಹಾಕಿರಲಿಲ್ರಿ. ಹಾಕದನ ನಂಬರ್ ಕೊಟ್ಟೇನಿ."

ಕಾಕಾ ಹಾರೆ ಕೆಳಗೆ ಹಾಕಿ, "ಹುಚ್ಚಿ ಅದಾಳಿಕಿ," ಎಂದು ಹೊರಟುಹೋದರು.

ವಿಚಾರಣೆಯಲ್ಲಿ ಹಾರೆಯ ಸಂಗತಿಯನ್ನೂ ಬಿಡದೆ ಹೇಳಿದೆ, ಅಧಿಕಾರಿಯೊಬ್ಬರು ಎಲ್ಲ ಬರೆದುಕೊಂಡರು. ನಂಬರ್ ಕೊಟ್ಟದ್ದಕ್ಕೆ ಏನು ಶಿಕ್ಷೆ ಎಂದು ನನಗೆ ಗೊತ್ತೇ ಇತ್ತು, ಅದಕ್ಕೆ ತಯಾರಾಗಿಯೇ ಹೋಗಿದ್ದೆ. ಡ್ರೈವರನನ್ನು ಉಳಿಸಿದೆ ಎಂಬ ಸಣ್ಣ ಜಂಬವೂ ಇತ್ತು. ಕೊನೆಗೆ ಅವರು ಕೇಳಿದರು:

"ಹಾರೀಲೆ ಎಷ್ಟ ಪೆಟ್ಟು ಹೊಡದ್ರು?"

"ನಾಕ್ರಿ."

"ಅಲ್ಲೀತನಕ ನೀವೇನ ಮಾಡಾಕತ್ತಿದ್ರಿ?"

"ನೋಡಕೋಂತ ನಿಂತಿದ್ನಿರಿ."

ಪೆನ್ನು ನಿಲ್ಲಿಸಿ ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಆ ನೋಟದ ಗುರುತು ನನಗೆ ಹತ್ತಿತು. ಕೋಲಿನ ಮೇಲೆ ಉಗುಳುವವರನ್ನು ಎಂಟು ವರ್ಷ ನಾನು ಹಾಗೆಯೇ ನೋಡಿದ್ದೆ.