ನಮ್ಮ ಸರ್ ಹೇಳುತ್ತಿದ್ದ ಜರ್ಮನ್ ಅಧಿಕಾರಿ

ನಮ್ಮ ಸರ್ ಬೆನ್ನು ಸದಾ ನೆಟ್ಟಗಿರುತ್ತಿತ್ತು. ಕೆಳಗೆ ಬಿದ್ದ ಸೀಮೆಸುಣ್ಣ ಎತ್ತಬೇಕಾದರೆ ಬಾಗುತ್ತಿರಲಿಲ್ಲ. ಮೊಣಕಾಲು ಮಡಿಸಿ, ಇಡೀ ಮೈಯನ್ನು ಮೆಲ್ಲಗೆ ಇಳಿಸಿ, ಹಾಗೇ ಎದ್ದು ನಿಲ್ಲುತ್ತಿದ್ದರು. ಕಳೆದ ತಿಂಗಳು ರಾಣೆಬೆನ್ನೂರಿನ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರಿಗೆಲ್ಲ ಆ ಬೆನ್ನೇ ಸಿಕ್ಕಿತು. “ಯಾರ ಮುಂದೆಯೂ ಬಾಗದ ಬೆನ್ನು” ಎಂದರು ಒಬ್ಬರು. “ಬಾಗದ ಮನುಷ್ಯ” ಎಂದರು ಇನ್ನೊಬ್ಬರು, ಕಣ್ಣೊರೆಸಿಕೊಂಡು. ನನಗೆ ಗೊತ್ತಿರುವುದು ಇಷ್ಟು: ಹಲಗೇರಿ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಮೇಲೆ ಅವರು ಅಂಗಿಯೊಳಗೆ ಸೊಂಟಕ್ಕೆ ಬಿಗಿಯಾದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಸಾಕ್ಷಿಯಿಲ್ಲದ ವಿಶೇಷಣ ಬಳಸಬೇಡಿ ಎಂದು ನಮಗೆ ಕಲಿಸಿದವರೂ ಅವರೇ.

ಕಾಲೇಜಿನಲ್ಲಿ ಅವರು ಇತಿಹಾಸ ಹೇಳುತ್ತಿದ್ದರು. ಸಂಜೆ ನಮಗೆ, ಅಂದರೆ ಚರ್ಚಾ ತಂಡದವರಿಗೆ, ಗುರು. ನಾನು ಕರ್ಜಗಿಯಿಂದ ಬಂದವನು, ನಾಲ್ಕು ಜನ ಸೇರಿದರೆ ನಾಲಿಗೆ ಒಣಗುತ್ತಿತ್ತು. ಅವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ವಾದ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಬೈಕಿನ ಕೀಲಿಯಿಂದ ಮೇಜು ಕುಟ್ಟಿ, “ಪಕ್ಷ ಬದ್ಲಿ!” ಅನ್ನುತ್ತಿದ್ದರು. ಆ ಕ್ಷಣದಿಂದ, ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ನಾವೇ ಮುರಿಯಬೇಕು. ತಡವರಿಸಿದರೆ, “ಏನಪಾ, ಹೆಂಡ್ತಿ ಬಿಟ್ಟು ಹೋದವನ್ಹಂಗ ನಿಂತಿ? ಅದು ವಾದ ಐತಿ, ಸಂಸಾರ ಅಲ್ಲ” ಎಂದು ನಗಿಸುತ್ತಿದ್ದರು. ಗೆದ್ದು ಬಂದರೆ ಗಿರ್ಮಿಟ್ ಕೊಡಿಸುತ್ತಿದ್ದರು, ತಿನ್ನುತ್ತಿರುವಾಗಲೇ ಎಚ್ಚರಿಕೆ: “ಚಪ್ಪಾಳಿ ಎಲ್ಲಿ ಬಿತ್ತು ಅಲ್ಲಿ ಹೊಳ್ಳಿ ಹೋಗಿ ನೋಡ್ರಿ. ಅಲ್ಲೇ ಏನೋ ಸುಳ್ಳು ಹೇಳಿರ್ತೀರಿ.”

ಅವರ ಮೆಚ್ಚಿನ ಉದಾಹರಣೆ ಒಬ್ಬ ಜರ್ಮನ್ ಸೇನಾಧಿಕಾರಿ. ಮೀಸೆ ಚಿಗುರುವ ವಯಸ್ಸಿಗೆ ಚಕ್ರವರ್ತಿಯ ಹೆಸರಲ್ಲಿ ಪ್ರಮಾಣ ಮಾಡಿ ಮೊದಲನೇ ಮಹಾಯುದ್ಧಕ್ಕೆ ಹೋದವನು. ಫ್ರಾನ್ಸಿನ ಕಂದಕಗಳ ಕೆಸರಲ್ಲಿ ಗಾಯಗೊಂಡ, ಪದಕ ಪಡೆದ. ಸೋತ ಮೇಲೆ ಚಕ್ರವರ್ತಿ ಓಡಿಹೋದ. ಇವನು ಗಣರಾಜ್ಯಕ್ಕೆ ಪ್ರಮಾಣ ಮಾಡಿ ಉಳಿದುಕೊಂಡ. ಗಣರಾಜ್ಯ ಬಿತ್ತು, ಈ ಸಲ ಹಿಟ್ಲರನ ಹೆಸರಿಗೇ ಪ್ರಮಾಣ. ಪದವಿ ಏರಿತು, ಎರಡನೇ ಯುದ್ಧ ಬಂತು, ರಷ್ಯಾಕ್ಕೆ ಹೋದ. ಒಂದು ಹಳ್ಳಿ ಸುಡಲು ಮೇಲಿನಿಂದ ಆಜ್ಞೆ ಬಂತು. ಇವನು ಕಡ್ಡಿ ಗೀರಲಿಲ್ಲ, ಆಜ್ಞೆಯನ್ನು ಕೆಳಗಿನವರಿಗೆ ದಾಟಿಸಿದ, ಅಷ್ಟೇ. ಯುದ್ಧ ಮುಗಿದು ಕೋರ್ಟಿನಲ್ಲಿ ನಿಲ್ಲಿಸಿದಾಗ ಹೇಳಿದ್ದೂ ಅದನ್ನೇ: ಮೇಲಿಂದ ಆಜ್ಞೆ ಬಂದಿತ್ತು, ದಾಟಿಸಿದೆ.

“ಮೂರು ಸಲ ಪ್ರಮಾಣ ಮಾಡ್ಯಾನ. ಮೂರೂ ಸಲ ಅದೇ ಬಲಗೈ ಎತ್ಯಾನ” ಎಂದು ಸರ್ ತಮ್ಮ ಕೈ ಎತ್ತಿ ತೋರಿಸುತ್ತಿದ್ದರು. ಅವನ ಹೆಸರೇನು ಎಂದು ಕೇಳಿದರೆ ಹೇಳುತ್ತಿರಲಿಲ್ಲ. “ಹೆಸರು ಹೇಳಿದ್ರ ಅವನ್ನ ನಾಕು ಬೈದು ನೀವು ಪಾರಾಗ್ತೀರಿ.”

ಇನ್ನು ಸಭೆಯಲ್ಲಿ ಯಾರೂ ಎತ್ತದ ಮಾತು.

ನಾನು ತಂಡದಲ್ಲಿದ್ದಾಗ ಒಂದು ವರ್ಷ ಚರ್ಚಾಸ್ಪರ್ಧೆ ನಮ್ಮ ಕಾಲೇಜಿನಲ್ಲೇ ನಡೆಯಿತು. ವಿಷಯ: ಆಜ್ಞಾಪಾಲನೆಯೇ ಸೈನಿಕನ ಧರ್ಮ. ನನ್ನ ಜೊತೆಗಾತಿ ಗುತ್ತಲದ ಬಸ್ಸಿಗೆ ಬರುತ್ತಿದ್ದ ಹುಡುಗಿ, ಕೊನೆಯ ವರ್ಷದವಳು. ತಂಡದಲ್ಲಿ ಎಲ್ಲರಿಗಿಂತ ಜಾಣೆ. ಚೀಟಿ ಎತ್ತಿದಾಗ ನಮಗೆ ವಿರೋಧ ಪಕ್ಷ ಬಂತು. ತಾಲೀಮಿನಲ್ಲಿ ಅವಳು ಜರ್ಮನ್ ಅಧಿಕಾರಿಯ ಕಥೆ ಹೇಳಿದಾಗ ಸರ್ ತಡೆದರು: “ಅಷ್ಟು ದೂರ ಯಾಕ ಹೋಗ್ತಿಯವಾ? ನಮ್ಮ ಕಾಲೇಜ್ ಗೇಟಿನ ಒಳಗಿಂದ ಒಂದು ಉದಾಹರಣಿ ತಾ.”

ತಂದಳು. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಸುಗ್ಗಿಯಲ್ಲಿ ಅವರ ಗೋದಾಮು ತುಂಬಿದರೆ, ಉಳಿದ ಚೀಲಗಳು ನಮ್ಮ ಹೆಣ್ಣುಮಕ್ಕಳ ವಿಶ್ರಾಂತಿ ಕೋಣೆಗೆ ಬರುತ್ತಿದ್ದವು. ಕೋಣೆಗೆ ಬೀಗ, ಹುಡುಗಿಯರು ಮೆಟ್ಟಿಲ ಕೆಳಗೆ ಸೀನುತ್ತ ಊಟದ ಡಬ್ಬಿ ಬಿಚ್ಚಬೇಕು. ವೇದಿಕೆಯ ಮೇಲೆ ಅವಳು ಕೇಳಿದ್ದು: “ಆ ಬೀಗ ಹಾಕಿದವರನ್ನು ವಿಚಾರಿಸಿ. ಮೇಲಿಂದ ಆಜ್ಞೆ ಬಂದಿದೆ ಎನ್ನುತ್ತಾರೆ. ರಷ್ಯಾದ ಹಳ್ಳಿ ಸುಡಿಸಿದ ಅಧಿಕಾರಿ ಕೋರ್ಟಿನಲ್ಲಿ ಹೇಳಿದ್ದಕ್ಕೂ ಇದಕ್ಕೂ ಪದಗಳಲ್ಲಿ ವ್ಯತ್ಯಾಸವಿದೆಯೇ?” ಅಧ್ಯಕ್ಷರು ಮುಂದಿನ ಸಾಲಿನಲ್ಲೇ ಕೂತಿದ್ದರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಹೊಳ್ಳಿ ಹೋಗಿ ನೋಡಿದ್ದೇನೆ, ಅಲ್ಲಿ ಸುಳ್ಳಿರಲಿಲ್ಲ.

ಮರುದಿನವೇ ಅವಳ ವಿಚಾರಣೆ. ಸಂಸ್ಥೆಗೆ ಅವಮಾನ ಮಾಡಿದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳಬೇಕು, ಇಲ್ಲವೇ ಪರೀಕ್ಷೆಗೆ ಕೂರಿಸುವುದಿಲ್ಲ. ಚರ್ಚಾ ಲೋಕದಲ್ಲಿ ಒಂದು ಪದ್ಧತಿಯಿದೆ: ಚೀಟಿಯಲ್ಲಿ ಬಂದ ಪಕ್ಷಕ್ಕೆ ಆಡಿದ ಮಾತನ್ನು ಆಡಿದವರ ತಲೆಗೆ ಕಟ್ಟುವಂತಿಲ್ಲ. ನಾನು ಒಳಗೆ ಹೋಗಿ ಅದನ್ನೇ ಹೇಳಿದೆ. ಉದಾಹರಣೆ ತರಲು ಹೇಳಿದ್ದು ಸರ್ ಎಂದೂ ಹೇಳಿದೆ. “ನೀ ಆಕಿ ಜೋಡಿಯವ. ನಿನ್ನ ಸಾಕ್ಷಿ ಏನು ಕೇಳೂದು? ಸರ್ ಹೇಳ್ಲಿ” ಎಂದರು ಅಧ್ಯಕ್ಷರು. ಎಲ್ಲರೂ ಸರ್ ಕಡೆ ತಿರುಗಿದರು. ಅವಳೂ.

ಸರ್ ಕೈಯಲ್ಲಿದ್ದ ಕೀಲಿಯನ್ನು ಜೇಬಿಗಿಟ್ಟರು. “ಪಕ್ಷ ಚೀಟಿ ಕೊಟ್ಟದ್ದು ಖರೇ. ಮಾತು ಮಾತ್ರ ಆಕಿವು.”

ತರ್ಕದ ದೃಷ್ಟಿಯಿಂದ ನೋಡಿ: ಒಂದೂ ಸುಳ್ಳಿಲ್ಲ. ಅದಕ್ಕೇ ಅದು ಅಷ್ಟು ಹೇಸಿಗೆ.

ಅವಳು ಕ್ಷಮೆ ಕೇಳಲಿಲ್ಲ. ಪರೀಕ್ಷೆ ಹೋಯಿತು. “ಓದಿದ್ದು ಸಾಕು” ಎಂದು ಮನೆಯವರು ಬಸ್ ಪಾಸು ಬಿಡಿಸಿದರು. ಈಗ ಗುತ್ತಲದಲ್ಲಿ ಅಣ್ಣನ ಝೆರಾಕ್ಸ್ ಅಂಗಡಿಯಲ್ಲಿ ನಿಂತು ಬೇರೆಯವರ ಅಂಕಪಟ್ಟಿಗಳ ಪ್ರತಿ ತೆಗೆದುಕೊಡುತ್ತಾಳೆ. ಅದೇ ಜೂನಿನಲ್ಲಿ ಸರ್ ಮಗಳಿಗೆ ನಮ್ಮ ಸಂಸ್ಥೆಯ ಹೈಸ್ಕೂಲಿನಲ್ಲಿ ನೌಕರಿ ಆಯಿತು. ಎರಡಕ್ಕೂ ಸಂಬಂಧ ಕಟ್ಟಬೇಡ, ಕಾಕತಾಳೀಯ ಇರಬಹುದು ಎಂದು ಮನಸ್ಸಿಗೆ ಎಷ್ಟೋ ದಿನ ಹೇಳಿಕೊಂಡೆ. ಅವರನ್ನು ಕಾಣುವುದನ್ನು ಬಿಟ್ಟೆ.

ಈಗ ಹಾವೇರಿಯಲ್ಲಿ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ನ್ಯಾಯಾಧೀಶರೆದುರು ಬಾಯಿ ತೆರೆದಾಗಲೆಲ್ಲ ಬರುವುದು ಅವರು ಕೊಟ್ಟ ಮಾತೇ. ಅವರನ್ನು ಬೈಯಲು ಬೇಕಾದ ಭಾಷೆಯನ್ನೂ ಅವರಿಂದಲೇ ಪಡೆದಿದ್ದೇನೆ. ಈ ಋಣ ತೀರಿಸುವ ದಾರಿ ನನಗೆ ಗೊತ್ತಿಲ್ಲ. ಸರ್ ಕಾಯಿಲೆ ಜೋರಾಗಿದೆ ಎಂದು ತಿಳಿದಾಗ ಬ್ಯಾಡಗಿಯ ಅವರ ಮನೆಗೆ ಹೋದೆ. ಅದೇ ಕೊನೆಯ ಭೇಟಿ.

ದಿಂಬಿಗೆ ಒರಗಿದ್ದರು. “ಬಾರಪಾ ವಕೀಲಾ. ಇವತ್ತ ಯಾವ ಪಕ್ಷ?” ಎಂದು ನಕ್ಕರು. ಮಗಳು ಚಹಾ ತಂದಿಟ್ಟು ಒಳಗೆ ಹೋದಳು. ಅವಳು ಹೋದದ್ದನ್ನು ನೋಡಿಕೊಂಡು, ದನಿ ತಗ್ಗಿಸಿ, ನಾನು ಕೇಳದೆಯೇ ಹೇಳಿದರು: “ಆ ಜರ್ಮನ್ ಆಫೀಸರ್ ಇದ್ದನಲ್ಲ, ಅವಗ ಒಬ್ಬಾಕಿ ಮಗಳಿದ್ಲು. ಆಕಿದೊಂದು ದಾರಿ ಆಗಬೇಕಾಗಿತ್ತು. ಇದನ್ನ ನಿಮಗ ಯಾವತ್ತೂ ಹೇಳಿರಲಿಲ್ಲ ನಾ.”

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ನಾನು ದನಿ ತಗ್ಗಿಸಲಿಲ್ಲ.

“ಸರ್, ತನ್ನ ದಾರಿಗೆ ಯಾರ ಮಗಳ ಪರೀಕ್ಷೆ ಹೋತು ಅಂತ ಆ ಆಫೀಸರನ ಮಗಳಿಗೆ ಗೊತ್ತೈತೇನ್ರಿ?”