ಮಾಮನ ಎಡಗೈ

ಮಾಮನ ಮೊದಲ ಡಯಾಲಿಸಿಸ್ ದಿನ ಅವನಿಗಿಂತ ಹೆಚ್ಚು ಆರೈಕೆ ಸಿಕ್ಕಿದ್ದು ನನಗೆ. ಅವನ ರಕ್ತ ನಳಿಗೆಯೊಳಗೆ ಹರಿದು ಯಂತ್ರದ ಕಡೆ ಹೊರಟಿದ್ದನ್ನು ನೋಡಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಪಕ್ಕದ ಖಾಲಿ ಮಂಚದ ಮೇಲೆ ಅಂಗಾತ ಬಿದ್ದಿದ್ದೆ, ಕಾಲ ಕೆಳಗೆ ಎರಡು ದಿಂಬು. ಇನ್ಯಾರನ್ನೋ ನೋಡಲು ಬಂದ ಹೆಂಗಸೊಬ್ಬಳು ನನ್ನ ಮುಖ ಕಂಡು ಲೊಚಗುಟ್ಟಿ, ಎದೆಯ ಮೇಲೆ ಎರಡು ಬಾಳೆಹಣ್ಣು ಇಟ್ಟು ಹೋಗಿದ್ದಳು. ಮಾಮ ತನ್ನ ಮಂಚದಿಂದಲೇ ಕೂಗಿದ: "ಸಿಸ್ಟರ್, ನಂದು ಆಮ್ಯಾಲ ನೋಡ್ರಿ. ಮೊದಲ ನಮ್ಮ ಅಳಿಯಗ ಹಚ್ಚರಿ ಮಷೀನ!"

ಮಾಮ ಎಂದರೆ ನಮ್ಮವ್ವನ ತಮ್ಮ. ಔರಾದ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕುತ್ತಾನೆ. ಮುಖ ಊದಿಕೊಂಡಾಗ ಬಿಸಿಲಿಗೆ ಅಂದ, ಕಾಲು ಊದಿಕೊಂಡಾಗ ನಡಿಗೆಗೆ ಅಂದ. ಭಾಲ್ಕಿ ಸಂತೆಗೆ ಕುರಿ ಹೊಡೆದುಕೊಂಡು ಹೋದವನು ಉಸಿರು ಸಿಗದೆ ಅಲ್ಲೇ ಕುಕ್ಕರಿಸಿದ. ಬೀದರಿನ ದವಾಖಾನೆಗೆ ತಂದಾಗ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದರು. ಅಂದಿನಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಹೀಗಾಗಿ ವಾರದಲ್ಲಿ ಬಹುಪಾಲು ಬೀದರಿನದೇ ಬಡಾವಣೆಯಾದ ಚಿದ್ರಿಯ ನಮ್ಮ ಮನೆಯಲ್ಲೇ ಇರುತ್ತಾನೆ. ಅವನ ಜೊತೆಗೆ ಓಡಾಡುವ ಕೆಲಸ ನನ್ನದು, ಏಕೆಂದರೆ ಮನೆಯಲ್ಲಿ ಬೇರೆ ಯಾವ ಕೆಲಸಕ್ಕೂ ನಾನು ಲಾಯಕ್ಕಿಲ್ಲ ಎಂಬುದರ ಬಗ್ಗೆ ಎಲ್ಲರಿಗೂ ಒಮ್ಮತವಿತ್ತು.

ಡಯಾಲಿಸಿಸ್ ಬಗ್ಗೆ ನನ್ನಷ್ಟು ತಿಳಿದವರು ಓಣಿಯಲ್ಲಿ ಇರಲಿಲ್ಲ. ಆ ತಿಳಿವಳಿಕೆಯಷ್ಟೂ ತಪ್ಪಾಗಿತ್ತು. ನಿಂತ ಗಾಡಿಯನ್ನು ತಳ್ಳಿ ಚಾಲೂ ಮಾಡುವಂತೆ, ಹತ್ತಾರು ಸಲ ಯಂತ್ರಕ್ಕೆ ಹಚ್ಚಿದರೆ ಕಿಡ್ನಿ ತಾನೇ ಓಡತೊಡಗುತ್ತದೆ ಎಂದು ಮಾಮನಿಗೆ ವಿವರಿಸಿದ್ದೆ. ಅವನು ನಂಬಿ, ಹಬ್ಬದ ಹೊತ್ತಿಗೆ ಕುರಿಯ ಹಿಂದೆ ಹೋಗುವ ಲೆಕ್ಕ ಹಾಕಿಕೊಂಡಿದ್ದ. ಡಾಕ್ಟರ ಮುಂದೆ ಅದನ್ನೇ ಕೇಳಿಯೂಬಿಟ್ಟ.

"ಮಷೀನ ಕಿಡ್ನಿ ರಿಪೇರಿ ಮಾಡಲ್ರಿ," ಎಂದರು ಅವರು. "ರಕ್ತದಾಗಿನ ಹೊಲಸು, ಹೆಚ್ಚಿನ ನೀರು ತಗದು ರಕ್ತ ತಿರುಗಿ ಕೊಡ್ತದ. ಎರಡು ದಿನಕ್ಕ ಮತ್ತ ತುಂಬ್ತದ, ಮತ್ತ ತಗೀಬೇಕು."

"ಎಲ್ಲೀತನಾರಿ?"

"ಬ್ಯಾರೆ ಕಿಡ್ನಿ ಹಾಕೋತನ. ಇಲ್ಲಂದ್ರ ಹಿಂಗೇ."

ಮಾಮ ನನ್ನ ಕಡೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ಮೊದಲು ಕುತ್ತಿಗೆಯಲ್ಲಿ ನಳಿಗೆ ಕೂರಿಸಿದ್ದರು. ಅದನ್ನು ಬಹಳ ದಿನ ಇಟ್ಟರೆ ನಂಜಾಗುತ್ತದೆಂದು ಎಡಗೈ ಮಣಿಕಟ್ಟಿನ ಮೇಲೆ ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಜೋಡಿಸಿದರು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಕೆಲವು ವಾರಗಳಲ್ಲಿ ಅಲ್ಲಿನ ನರ ಹಗ್ಗದಂತೆ ದಪ್ಪವಾಯಿತು. ಇನ್ನು ಸೂಜಿ ಅಲ್ಲಿಗೇ. ಬೆರಳಿಟ್ಟರೆ ಒಳಗೆ ಗುಂಯ್ ಎಂದು ಅದುರುತ್ತಿತ್ತು. "ಹಾಲು ಕುಡದ ಮರೀ ಎದಿ ಮುಟ್ಟಿದಂಗ ಆಗ್ತದ ನೋಡು," ಎನ್ನುತ್ತಿದ್ದ ಮಾಮ. ದಿನಾ ಮುಂಜಾನೆ ಮುಟ್ಟಿ ನೋಡಬೇಕು. ಆ ಕೈಯಲ್ಲಿ ಭಾರ ಎತ್ತಬಾರದು, ಗಡಿಯಾರ ಕಟ್ಟಬಾರದು, ಬಿಪಿ ಪಟ್ಟಿ ಸುತ್ತಬಾರದು ಎಂದು ನಮ್ಮಿಬ್ಬರಿಗೂ ಹೇಳಿ ಕಳಿಸಿದ್ದರು. ಅದುರು ನಿಂತರೆ ತಡಮಾಡದೆ ಓಡಿ ಬರಬೇಕು.

ಒಂದು ಮುಂಜಾನೆ ನಾನು ಮುಟ್ಟಿ ನೋಡಿದೆ. ಅದುರು ಇರಲಿಲ್ಲ. ನಾನು ಕಿರುಚಿದ ರಭಸಕ್ಕೆ ಅರ್ಧ ಚಿದ್ರಿ ಎದ್ದು ಬಾಗಿಲಿಗೆ ಬಂತು, ಪಕ್ಕದ ಮನೆಯವರು ಆಟೋ ತಂದು ನಿಲ್ಲಿಸಿದರು. ಮಾಮ ಕಂಬಳಿಯೊಳಗಿಂದ, "ಅದು ಬಲಗೈ ಅದಲೇ, ಅಳಿಯಾ," ಎಂದು ಮಗ್ಗಲು ಬದಲಿಸಿದ.

ಚಳಿಗಾಲದ ಒಂದು ಶನಿವಾರ ಡಯಾಲಿಸಿಸ್ ಮುಗಿಸಿ ಇಬ್ಬರೂ ಹಳ್ಳಿಗೆ ಹೋದೆವು. ಅಲ್ಲಿ ಆಯಿ ಇದ್ದಾಳೆ, ಮಾಮನ ತಾಯಿ, ನನ್ನ ಅಜ್ಜಿ. ಯಂತ್ರದಿಂದ ಇಳಿದ ದಿನ ಮಾಮನಿಗೆ ಎದ್ದು ನಿಲ್ಲಲೂ ಆಗುವುದಿಲ್ಲ. ಸಂಜೆಯೇ ಕಂಬಳಿ ಹೊದ್ದು ಮಲಗಿದ. ನಾನು ಹಟ್ಟಿಯಲ್ಲಿ ಕುರಿ ಎಣಿಸುವ ಶೂರತನಕ್ಕೆ ಹೋಗಿ, ಟಗರು ಗುದ್ದಿ, ಹಿಕ್ಕೆಯ ಮೇಲೆ ಕೂತಿದ್ದೆ.

ಮರುದಿನ ಎದ್ದಾಗ ಮಾಮ ಗೋಡೆಗೆ ಒರಗಿ ಕೂತು ಎಡಗೈ ಮೇಲೆ ಬೆರಳು ಒತ್ತಿಕೊಂಡಿದ್ದ.

"ಅಳಿಯಾ, ಬಾ ಇಲ್ಲಿ. ನೀ ನೋಡು."

ಎಡಗೈಯೇ ಎಂದು ಖಾತ್ರಿ ಮಾಡಿಕೊಂಡು ಮುಟ್ಟಿದೆ. ಏನೂ ಇರಲಿಲ್ಲ. ಅಂಗಿಯ ತೋಳು ಮೇಲೆ ಸರಿಸಿದಾಗ ಮೊಣಕೈ ಮೇಲೆ ಕರಿಯ ಉಣ್ಣೆಯ ದಾರ ಚರ್ಮದಲ್ಲಿ ಹೂತು ಕೂತಿತ್ತು, ಅದರ ಕೆಳಗೆ ಕೈ ಬಾತುಕೊಂಡಿತ್ತು. ನಮ್ಮಲ್ಲಿ ಕುರಿಗಾಗಲಿ ಮನುಷ್ಯನಿಗಾಗಲಿ ಜಡ್ಡಾದರೆ ಕರೇ ಕುರಿಯ ಉಣ್ಣೆ ನೂತು, ದೇವರ ಹೆಸರಲ್ಲಿ ಗಂಟು ಹಾಕಿ ಕಟ್ಟುವುದುಂಟು. ಮಗನ ಎಡಗೈಯೇ ಜಡ್ಡಿನ ಕೈ ಎಂದು ತಿಳಿದಿದ್ದ ಆಯಿ, ಅವನು ಮಲಗಿದ್ದಾಗ ಕಟ್ಟಿದ್ದಳು. ದವಾಖಾನೆಯ ಮಾತು ಅವಳ ತನಕ ಯಾರೂ ಮುಟ್ಟಿಸಿರಲಿಲ್ಲ.

ಮಾಮ ಆಯಿಯ ಕಣ್ಣಿಗೆ ಬೀಳದಂತೆ ಉಣ್ಣೆ ಕತ್ತರಿಯಿಂದ ದಾರ ಕತ್ತರಿಸಿ ಕಿಸೆಗೆ ಹಾಕಿಕೊಂಡ. ಔರಾದಿನ ತನಕ ಜೀಪು, ಅಲ್ಲಿಂದ ಬಸ್ಸು. ಬೀದರಿನಲ್ಲಿ ಡಾಕ್ಟರು ಕೈ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಡಯಾಲಿಸಿಸ್ ಆದ ಮೇಲೆ ಬಿಪಿ ಇಳಿದಿರುತ್ತದೆ, ಮೇಲೆ ದಾರ ಬಿಗಿದಿದೆ, ರಕ್ತ ಹೆಪ್ಪುಗಟ್ಟಿದೆ ಎಂದರು. ಮುಚ್ಚಿದ ನಾಳ ತೆರೆಯಲು ನೋಡಿದರು, ಆಗಲಿಲ್ಲ. ಆ ಕೈಯಲ್ಲಿ ಬೇರೆ ಒಳ್ಳೆಯ ನರವೂ ಇರಲಿಲ್ಲ. ಉಳಿದದ್ದು ಬಲಗೈ ಒಂದೇ. ಅಲ್ಲಿ ಹೊಸದಾಗಿ ಜೋಡಿಸುವ ನರ ದಪ್ಪವಾಗುವ ತನಕ ಮತ್ತೆ ಕುತ್ತಿಗೆಗೆ ನಳಿಗೆ.

"ಅವ್ವಗ ಹೇಳಬ್ಯಾಡ," ಎಂದ ಮಾಮ. "ನಾನೇ ಕೈ ಮ್ಯಾಲ ಮಲಗಿದ್ದೆ ಅಂತ ಹೇಳ್ತೇನಿ."

ಹೂಂ ಎಂದೆ.

ಬಲಗೈ ಆಪರೇಷನ್ ಆದ ಮೇಲೆ ಆಯಿ ಚಿದ್ರಿಗೆ ಬಂದಳು. ಕೂತು ನೀರು ಕುಡಿದು, ಸೆರಗಿನ ಗಂಟು ಬಿಚ್ಚಿ ಹೊಸ ದಾರ ತೆಗೆದಳು.

"ಈ ಸಲ ಗಟ್ಟಿ ನೂತೇನಿ. ಕೈ ಕೊಡು."

"ಬ್ಯಾಡವ್ವ, ಆಮ್ಯಾಲ."

"ಯಾಕ? ಹಿಂದಿಂದು ಎಲ್ಲದ?"

"ಎಲ್ಲೋ ಬಿದ್ದು ಹೋತು."

"ನಾ ಹಾಕಿದ ಗಂಟು ತಾನೇ ಬಿಚ್ಚಂಗಿಲ್ಲ." ಆಯಿ ನನ್ನ ಕಡೆ ತಿರುಗಿದಳು. "ಏ ಬಾಯಿಬಡಕ, ನೀ ಹೇಳು. ಏನಾಗ್ಯಾದ?"

ಮಾಮ ಕಣ್ಣಲ್ಲೇ ಬೇಡ ಎಂದ. ಉಳಿದಿದ್ದುದು ಒಂದೇ ಕೈ. ಬಾಯಿಗೆ ಯಾವ ತಮಾಷೆಯೂ ಬರಲಿಲ್ಲ. ಆಯಿಯ ಬೆರಳು ಹಿಡಿದು ಮಾಮನ ಬಲಗೈಯ ಬ್ಯಾಂಡೇಜಿನ ಅಂಚಿಗೆ ಮೆಲ್ಲಗೆ ಇಟ್ಟೆ.

"ಗೊತ್ತಾಗ್ತದೇನು ಆಯಿ? ಇದು ರಕ್ತ ಹರಿಯೋದು. ಮ್ಯಾಲ ಏನರ ಬಿಗದ್ರ ನಿಲ್ತದ. ಆ ಕೈದು ಹಂಗೇ ನಿಂತದ."

ಮಾಮ ಗೋಡೆಯ ಕಡೆ ತಿರುಗಿದ. ಆಯಿ ಬೆರಳು ತೆಗೆಯಲಿಲ್ಲ.

"ಇಷ್ಟ ದಿನ ನನಗ ಯಾಕ ಮುಟ್ಟಿಸಲಿಲ್ಲ?" ಎಂದಳು ಕೊನೆಗೆ.

ಮುಂದಿನ ಡಯಾಲಿಸಿಸ್‌ಗೆ ಆಯಿಯೂ ಬಂದಳು. ಕುತ್ತಿಗೆಯ ನಳಿಗೆ, ಯಂತ್ರ, ಎಲ್ಲವನ್ನೂ ಒಮ್ಮೆ ನೋಡಿ ಮಂಚದ ಬಲಮಗ್ಗಲಲ್ಲಿ ನಿಂತಳು. ಹೊಸ ನರ್ಸ್ ಹುಡುಗಿಯೊಬ್ಬಳು ಬಿಪಿ ಪಟ್ಟಿ ಹಿಡಿದು ಆ ಕಡೆಯಿಂದ ಬಂದಾಗ ಆಯಿ ಅಡ್ಡ ಬಂದಳು.

"ಈ ಕೈಗಿ ಬ್ಯಾಡವ್ವ."

"ಮತ್ತ ಯಾವ ಕೈಗಿರಿ ಆಯಿ?"

ಆಯಿ ಮಂಚ ಸುತ್ತಿ ಎಡಮಗ್ಗಲಿಗೆ ಹೋದಳು. ಮಾಮನ ಎಡಗೈಯನ್ನು ಎರಡೂ ಕೈಯಲ್ಲಿ ಎತ್ತಿ, ಮೊಣಕೈ ಮೇಲಕ್ಕೆ ಅಂಗಿ ಸರಿಸಿ, ಆ ಹುಡುಗಿಯ ಮುಂದೆ ಹಿಡಿದಳು.

"ಇದಕ್ಕ ಕಟ್ಟು."