ಗ್ರೈಂಡರ್ ಅಡಿಯ ಮೂಲೆ

ನಲವತ್ತಾರನೇ ವಯಸ್ಸಿನಲ್ಲಿ ಹತ್ತನೇ ಕ್ಲಾಸಿನ ಗಣಿತಕ್ಕೆ ಕೂತರೆ ತಲೆ ಎಷ್ಟು ಬಿಸಿಯಾಗ್ತದೆ ಅಂತ ಕೂತವನಿಗೇ ಗೊತ್ತು. ವಾಗ್ಳೆ ಎಸ್ಟೇಟಿನ ನಮ್ಮ ಹೋಟೆಲಿನ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗುವುದು ಖಾತ್ರಿಯಾಗಿತ್ತು. ನವಿ ಮುಂಬಯಿಯ ಒಂದು ಕ್ಯಾಂಟೀನಿನವರು ನನಗೆ ಮ್ಯಾನೇಜರ್ ಕೆಲಸ ಕೊಡಲು ಒಪ್ಪಿದ್ದರು. ಆದರೆ ಹತ್ತನೇ ಪಾಸಾದ ಸರ್ಟಿಫಿಕೇಟ್ ಬೇಕೇ ಬೇಕಂತೆ. ನಾನೋ, ಊರಲ್ಲಿ ಗಣಿತ ಒಂದರಲ್ಲೇ ಡುಮ್ಕಿ ಹೊಡೆದು ಮುಂಬಯಿ ಬಸ್ಸು ಹತ್ತಿದವನು.

ಟೀಚರು ನನ್ನ ಮಗಳೇ, ಹನ್ನೊಂದನೇ ಕ್ಲಾಸು. ಮಧ್ಯಾಹ್ನ ಮೂರಕ್ಕೆ, ಊಟದ ಗಲಾಟೆ ಮುಗಿದ ಮೇಲೆ, ಸೀದಾ ಹೋಟೆಲಿಗೇ ಬರುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದರೆ ಉತ್ತರ ಹಿಂದಿಯಲ್ಲಿ.

ಲೆಕ್ಕ ಇಷ್ಟು: ಲಂಬಕೋನ ತ್ರಿಭುಜದ ಎರಡು ಮೂಲೆ (1,2) ಮತ್ತು (5,5). ಲಂಬಕೋನದ ಬಾಹುಗಳೆರಡೂ ಅಕ್ಷಗಳಿಗೆ ಸಮಾಂತರ. ಮೂರನೇ ಮೂಲೆ ಎಲ್ಲೆಲ್ಲಿ ಇರಬಹುದು?

ಪುಸ್ತಕದಲ್ಲಿ ತಲೆಗೆ ಹೋಗಲಿಲ್ಲ. ಅಡುಗೆಮನೆಯ ಟೈಲ್ಸನ್ನೇ ಚೌಕುಳಿ ಹಾಳೆ ಮಾಡಿ, ಆ ಎರಡು ಕಡೆ ಒಂದೊಂದು ವಾಟಿ, ಚಟ್ನಿ ಹಾಕುವ ಬಟ್ಟಲು, ಕವುಚಿಟ್ಟೆ. ಮೊದಲನೇ ವಾಟಿಯಿಂದ ಬಲಕ್ಕೆ ನಾಲ್ಕು ಟೈಲ್ ನಡೆದೆ. ಎರಡನೇ ವಾಟಿ ಎದುರಿಗೇ ನೇರ ಬಂತು. "(5,2)! ಸಿಕ್ಕಿತು ನೋಡು!"

"ಔರ್ ದೂಸ್ರಾ?"

ಎರಡನೆಯದು (1,5). ಅಲ್ಲಿ ನಮ್ಮ ಇಡ್ಲಿ ಗ್ರೈಂಡರ್ ಕೂತಿತ್ತು. "ಅಲ್ಲಿ ಜಾಗವೇ ಇಲ್ಲವಲ್ಲ ಮಗಾ."

"ಪಪ್ಪಾ! ಪೇಪರ್ ಮೇ ಗ್ರೈಂಡರ್ ಕಹಾಂ ಹೈ?"

ಕಾಗದದಲ್ಲಿ ಗ್ರೈಂಡರ್ ಎಲ್ಲಿಯದು ಎಂಬ ಮಾತಿಗೆ ಅಡುಗೆ ಭಟ್ರು ಹೊಟ್ಟೆ ಹಿಡಿದು ನಕ್ಕರು. ನನಗೆ ಸಿಟ್ಟು ಬಂತು, ಪುಸ್ತಕ ಮುಚ್ಚಿದೆ. ಇಪ್ಪತ್ತು ವರ್ಷ ಇಡೀ ಹೋಟೆಲನ್ನು ನಡೆಸಿದವನಿಗೆ ಒಂದು ಮೂಲೆ ಹಿಡಿಯಲಾಗುವುದಿಲ್ಲವೆಂದರೆ?

ಪರೀಕ್ಷೆಯಲ್ಲಿ ಅದೇ ಲೆಕ್ಕ, ಅಂಕಿ ಬೇರೆ. ಕಣ್ಣು ಮುಚ್ಚಿದರೆ ಅಡುಗೆಮನೆಯೇ ಎದುರಿಗೆ, ಗ್ರೈಂಡರ್ ಸಮೇತ. ಬಲಕ್ಕೆ ನಡೆದೆ, ಒಂದು ಮೂಲೆ ಬರೆದೆ, ಮುಂದಿನ ಪ್ರಶ್ನೆಗೆ ಹೋದೆ. ಮಗಳು ಹೊರಗೆ ಕಾಯುತ್ತಿದ್ದಳು. ಮನೆಗೆ ಬರುವಾಗ ಬಸ್ಸು ಮಾಜಿವಾಡಾ ಸಿಗ್ನಲಿನಲ್ಲಿ ನಿಂತಿತು. ಅವಳು ಪ್ರಶ್ನೆಪತ್ರಿಕೆ ಬಿಡಿಸಿ, "ದೋನೋ ಲಿಖಾ ನಾ?" ಅಂದಳು.

"ಎರಡೂ ಇಲ್ಲ, ಒಂದೇ ಬರೆದೆ."

ಪ್ರಶ್ನೆಪತ್ರಿಕೆ ಮಡಚಿ ಬ್ಯಾಗಿಗೆ ಹಾಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ರಿಸಲ್ಟು ಬಂದಾಗ ಒಂದೇ ಒಂದು ಮಾರ್ಕಿಗೆ ಫೇಲಾದೆ ಮಾರಾಯ್ರೆ. ಕ್ಯಾಂಟೀನಿನವರಿಗೆ ಫೋನ್ ಮಾಡಿದೆ. "ಮುಂದಿನ ಪರೀಕ್ಷೆಯವರೆಗೆ ನೋಡುವ. ಅದರ ನಂತರ ಕಷ್ಟ" ಅಂದರು.

ಮರುದಿನ ಭಟ್ರನ್ನು ಕರೆದೆ. "ಒಂದು ಕೈ ಹಿಡೀರಿ, ಈ ಗ್ರೈಂಡರ್ ಆಚೆ ಸರಿಸುವ."

"ಕಟ್ಟಡವೇ ಬೀಳ್ಲಿಕ್ಕುಂಟು. ಈಗ ಇದೆಂಥ ಹುಚ್ಚು?"

"ಹಿಡೀರಿ ಅಂದೆ."

ಅಡಿಯ ಟೈಲ್ಸು ವರ್ಷಗಟ್ಟಲೆ ಹಿಟ್ಟಿನ ನೀರು ಕುಡಿದು ಕಪ್ಪಾಗಿತ್ತು. ಗೆರೆ ಕಾಣುವ ತನಕ ಉಜ್ಜಿ, ಮೊದಲಿನ ಜಾಗಗಳಲ್ಲೇ ಎರಡು ವಾಟಿ ಕವುಚಿಟ್ಟೆ. ಮೂರಕ್ಕೆ ಮಗಳು ಬಂದಳು. ಖಾಲಿ ಜಾಗ ನೋಡಿದಳು, ಬ್ಯಾಗ್ ಇಳಿಸಿದಳು, ಇನ್ನೊಂದು ವಾಟಿ ತಂದು ಅಲ್ಲಿಟ್ಟಳು, ಎಣಿಸು ಎಂಬಂತೆ ಟೈಲ್ಸಿನತ್ತ ಬೆರಳು ತೋರಿಸಿದಳು.

"ಅಬ್ ಗಿನೋ, ಪಪ್ಪಾ."